ವಿಚ್ಛೇದನ ಮತ್ತು ಆಸ್ತಿ: ನ್ಯಾಯವಾದ ಹಂಚಿಕೆಯ ಲೆಕ್ಕ

ಮದುವೆ ಮುರಿದರೆ ಗಂಡ ಹೆಂಡತಿಯ ಆಸ್ತಿಯನ್ನು ಅರ್ಧರ್ಧ ಹಂಚಿಕೊಡುವ ಕಾನೂನು ಭಾರತದ ಬಹುಭಾಗದಲ್ಲಿ ಇಲ್ಲ. ಸಂಸಾರದ ಕಾಲದಲ್ಲಿ ಕೊಂಡದ್ದೆಲ್ಲ ಇಬ್ಬರಿಗೂ ಸೇರಿದ್ದು ಎಂಬ ನಂಬಿಕೆ ಜನರಲ್ಲಿ ವ್ಯಾಪಕವಾಗಿದೆ, ನ್ಯಾಯಾಲಯ ಮಾತ್ರ ಹಾಗೆ ಲೆಕ್ಕ ಹಾಕುವುದಿಲ್ಲ. ಇಲ್ಲಿ ನಡೆಯುವುದು ಪ್ರತ್ಯೇಕ ಒಡೆತನದ ಪದ್ಧತಿ. ಕ್ರಯಪತ್ರ ಯಾರ ಹೆಸರಿಗಿದೆಯೋ, ದುಡ್ಡು ಯಾರು ಕೊಟ್ಟರೆಂದು ದಾಖಲೆ ಹೇಳುತ್ತದೆಯೋ ಅವರೇ ಮಾಲೀಕರು. ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗಾಗಲಿ, ಹೆಂಡತಿಯ ಆಸ್ತಿಯಲ್ಲಿ ಗಂಡನಿಗಾಗಲಿ ಪಾಲು ಹುಟ್ಟುವುದಿಲ್ಲ.

ಹಾಗಾಗಿ ವಿಚ್ಛೇದನದ ಹೊತ್ತಿನಲ್ಲಿ ನ್ಯಾಯ ತಾನಾಗಿ ಸಿಗುವುದಿಲ್ಲ. ಅದನ್ನು ಕಾಗದಪತ್ರ, ಲೆಕ್ಕ, ಒಪ್ಪಂದಗಳಿಂದ ಕಟ್ಟಿಕೊಳ್ಳಬೇಕು. ಆಸ್ತಿಯ ಪ್ರಶ್ನೆಯನ್ನು ಒಂದೇ ಗಂಟಾಗಿ ನೋಡದೆ ನಾಲ್ಕಾಗಿ ಬಿಡಿಸಿಕೊಂಡರೆ ದಾರಿ ಸುಲಭವಾಗುತ್ತದೆ. ಒಂದು, ಹೆಣ್ಣಿಗೆ ಸೇರಿದ ಸ್ತ್ರೀಧನ. ಎರಡು, ಇಬ್ಬರ ಹೆಸರಿನ ಅಥವಾ ಇಬ್ಬರ ದುಡ್ಡಿನ ಆಸ್ತಿ. ಮೂರು, ಒಬ್ಬರಿಗೇ ಸೇರಿದ ಸ್ವಯಾರ್ಜಿತ ಮತ್ತು ಪಿತ್ರಾರ್ಜಿತ. ನಾಲ್ಕು, ಜೀವನಾಂಶ. ಮೊದಲ ಮೂರು ಒಡೆತನದ ಮಾತು. ನಾಲ್ಕನೆಯದು ಒಡೆತನದಿಂದ ಸರಿಹೋಗದ ಅನ್ಯಾಯವನ್ನು ಸರಿದೂಗಿಸಲು ಕಾನೂನು ಇಟ್ಟಿರುವ ಸಾಧನ.

ಸ್ತ್ರೀಧನ: ಹಂಚಿಕೆಗೆ ಬರದ ಆಸ್ತಿ

ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಹೆಣ್ಣಿಗೆ ತವರಿನವರು, ಬಂಧುಗಳು, ಗಂಡ, ಅತ್ತೆ ಮಾವ ಪ್ರೀತಿಯಿಂದ ಕೊಟ್ಟ ಒಡವೆ, ಸೀರೆ, ಪಾತ್ರೆ, ಹಣ, ನಿವೇಶನ ಎಲ್ಲವೂ ಸ್ತ್ರೀಧನ. ಇದರ ಮೇಲೆ ಅವಳಿಗೆ ಪೂರ್ಣ ಹಕ್ಕು. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಒಡವೆ ಗಂಡನ ಮನೆಯ ಬೀರುವಿನಲ್ಲಿ ಇದ್ದರೂ ಅದು ಗಂಡ ಹೆಂಡತಿಯ ಜಂಟಿ ಆಸ್ತಿಯಾಗುವುದಿಲ್ಲ, ಗಂಡನ ಮನೆಯವರು ಅದನ್ನು ನಂಬಿಕೆಯ ಮೇಲೆ ಕಾಯುವವರಷ್ಟೆ. ಕೇಳಿದಾಗ ಕೊಡದಿದ್ದರೆ ನಂಬಿಕೆ ದ್ರೋಹದ ಅಪರಾಧವಾಗುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 406ನೇ ಕಲಂನಲ್ಲಿದ್ದ ಈ ಶಿಕ್ಷೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂನಲ್ಲಿದೆ. ಕಷ್ಟಕಾಲದಲ್ಲಿ ಗಂಡ ಸ್ತ್ರೀಧನವನ್ನು ಬಳಸಿಕೊಳ್ಳಬಹುದು, ಆದರೆ ಅದನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸುವ ಹೊಣೆ ಅವನದು.

ಕೌಟುಂಬಿಕ ಹಿಂಸೆ ತಡೆ ಕಾಯ್ದೆ, 2005ರ 19ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಸ್ತ್ರೀಧನವನ್ನು ಹಿಂದಿರುಗಿಸಲು ಆದೇಶಿಸಬಹುದು. ವರದಕ್ಷಿಣೆ ಕೊಡುವುದೂ ಪಡೆಯುವುದೂ ಅಪರಾಧವೇ. ಆದರೂ ಯಾರಾದರೂ ಪಡೆದಿದ್ದರೆ ಅದನ್ನು ಹೆಣ್ಣಿಗೆ ವರ್ಗಾಯಿಸಲೇಬೇಕು ಎಂದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಂ ಹೇಳುತ್ತದೆ.

ಹಕ್ಕು ಇಷ್ಟು ಗಟ್ಟಿಯಾಗಿದ್ದರೂ ಬಹಳ ಹೆಂಗಸರು ಸೋಲುವುದು ಸಾಕ್ಷ್ಯದಲ್ಲಿ. "ಅರ್ಧ ಕೆಜಿ ಬಂಗಾರ ಹಾಕಿದ್ದೆವು" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಒಂದೊಂದು ಒಡವೆಗೂ ಒಂದೊಂದು ಸಾಲು ಬರೆದ ಪಟ್ಟಿ ನಿಲ್ಲುತ್ತದೆ. ಆ ಸಾಲಿನಲ್ಲಿ ಒಡವೆಯ ಹೆಸರು, ಗ್ರಾಂ ಲೆಕ್ಕದ ತೂಕ, ಕೊಟ್ಟವರು ಯಾರು, ಯಾವ ಸಂದರ್ಭದಲ್ಲಿ, ರುಜುವಾತು ಏನು, ಈಗ ಎಲ್ಲಿದೆ ಎಂಬ ಆರು ವಿಷಯ ಇರಬೇಕು. ಉದಾಹರಣೆಗೆ: "ಲಕ್ಷ್ಮಿ ಕಾಸಿನ ಸರ, 48 ಗ್ರಾಂ, ತಾಯಿ ಕೊಟ್ಟದ್ದು, ಧಾರೆಯ ದಿನ, ಚಿನ್ನದ ಅಂಗಡಿಯ ಬಿಲ್ಲು ಮತ್ತು ಮದುವೆ ಆಲ್ಬಂ, ಗಂಡನ ಹೆಸರಿನ ಬ್ಯಾಂಕ್ ಲಾಕರ್." ಬಿಲ್ಲು ಕಳೆದಿದ್ದರೆ ಮದುವೆಯ ವಿಡಿಯೊ, ಒಡವೆ ಅಡವಿಟ್ಟಾಗ ಬ್ಯಾಂಕಿನವರು ತೂಕ ಬರೆದು ಕೊಟ್ಟ ಚೀಟಿ, ತವರಿನವರು ಹಣ ತೆಗೆದ ಪಾಸ್‌ಬುಕ್ ನಮೂದು, ಮುಯ್ಯಿ ಬರೆದ ಪುಸ್ತಕ ನೆರವಿಗೆ ಬರುತ್ತವೆ. ಮದುವೆಯಲ್ಲಿ ಬಂದ ಉಡುಗೊರೆಗಳ ಪಟ್ಟಿಯನ್ನು ವಧು ವರರ ಸಹಿಯೊಂದಿಗೆ ಇಡಬೇಕೆಂದು ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳು ಹೇಳುತ್ತವೆ. ಪಾಲಿಸುವವರು ಕಡಿಮೆ, ಪಾಲಿಸಿದವರಿಗೆ ಮುಂದೆ ವಾದವೇ ಬೇಕಾಗುವುದಿಲ್ಲ.

ಮದುವೆಯಲ್ಲಿ ಇಬ್ಬರಿಗೂ ಸೇರಿಸಿ ಕೊಟ್ಟ ಮಂಚ, ಫ್ರಿಜ್, ಕಾರಿನಂಥ ವಸ್ತುಗಳ ವಿಷಯ ಬೇರೆ. ಹಿಂದೂ ವಿವಾಹ ಕಾಯ್ದೆ, 1955ರ 27ನೇ ಕಲಂ ಅಡಿಯಲ್ಲಿ ನ್ಯಾಯಾಲಯ ಇಂಥ ಜಂಟಿ ಉಡುಗೊರೆಗಳ ಬಗ್ಗೆ ವಿಚ್ಛೇದನದ ಡಿಕ್ರಿಯಲ್ಲೇ ತೀರ್ಮಾನ ಕೊಡಬಹುದು. ಮದುವೆಯ ಮುಂಚೆ ಅಥವಾ ನಂತರ ಕೊಟ್ಟಿದ್ದರೂ ಮದುವೆಗೆ ಸಂಬಂಧಿಸಿದ್ದಾದರೆ ಸಾಕು ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಬ್ಬರ ಹೆಸರಿನ ಮನೆ

ಜಗಳ ಹೆಚ್ಚು ನಡೆಯುವುದು ಸಂಸಾರದ ಕಾಲದಲ್ಲಿ ಕೊಂಡ ಮನೆ, ಫ್ಲ್ಯಾಟ್, ನಿವೇಶನಗಳ ಸುತ್ತ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದ್ದು ಪಾಲು ಎಷ್ಟೆಷ್ಟೆಂದು ಬರೆದಿದ್ದರೆ ಅದೇ ಲೆಕ್ಕ. ಬರೆಯದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆ, 1882ರ 45ನೇ ಕಲಂ ಅನ್ವಯಿಸುತ್ತದೆ. ಯಾರು ಎಷ್ಟು ಹಣ ಹಾಕಿದರೆಂದು ತೋರಿಸಿದರೆ ಅದೇ ಪ್ರಮಾಣದಲ್ಲಿ ಪಾಲು, ತೋರಿಸಲಾಗದಿದ್ದರೆ ಇಬ್ಬರಿಗೂ ಸಮಪಾಲು ಎಂದು ಭಾವಿಸಲಾಗುತ್ತದೆ.

ಮನೆ ಒಬ್ಬರ ಹೆಸರಿನಲ್ಲಿದ್ದು ಹಣ ಇನ್ನೊಬ್ಬರದಾಗಿದ್ದರೆ ವಿಷಯ ಕಠಿಣ. ಗಂಡ ತನ್ನ ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಿನಲ್ಲಿ ಆಸ್ತಿ ಕೊಂಡರೆ ಬೇನಾಮಿ ಕಾಯ್ದೆಯ ನಿಷೇಧ ಅದಕ್ಕೆ ತಟ್ಟುವುದಿಲ್ಲ. ಆದರೂ "ಹೆಸರು ಅವಳದು, ಆಸ್ತಿ ನನ್ನದು" ಎಂದು ಸಾಧಿಸುವ ಭಾರ ಹಾಗೆ ಹೇಳಿದವನದೇ. ಹಣದ ಮೂಲ, ಮೂಲ ದಾಖಲೆಗಳು ಯಾರ ಬಳಿ ಇವೆ, ತೆರಿಗೆ ಯಾರು ಕಟ್ಟಿದರು, ಬಾಡಿಗೆ ಯಾರ ಖಾತೆಗೆ ಬರುತ್ತಿತ್ತು, ಕೊಂಡಾಗಿನ ಉದ್ದೇಶ ಏನಿತ್ತು ಎಂಬುದನ್ನೆಲ್ಲ ನ್ಯಾಯಾಲಯ ನೋಡುತ್ತದೆ. ಗಂಡನ ಹೆಸರಿನ ಮನೆಗೆ ಹಣ ಹಾಕಿದ ಹೆಂಡತಿಗೂ ಇದೇ ಅಳತೆಗೋಲು. ಅವಳ ಖಾತೆಯಿಂದ ಬಿಲ್ಡರಿಗೆ ನೇರವಾಗಿ ಹೋದ ಹಣ ಬಲವಾದ ಸಾಕ್ಷ್ಯ. ಕೈಯಲ್ಲಿ ಕೊಟ್ಟ ನಗದನ್ನು ಸಾಬೀತುಪಡಿಸುವುದು ಬಹಳ ಕಷ್ಟ.

ಗಂಡ ಹೆಂಡತಿಯ ನಡುವಿನ ಆಸ್ತಿ ತಕರಾರನ್ನು ತೀರ್ಮಾನಿಸುವ ಅಧಿಕಾರವನ್ನು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 7ನೇ ಕಲಂ ಕೌಟುಂಬಿಕ ನ್ಯಾಯಾಲಯಕ್ಕೆ ಕೊಟ್ಟಿದೆ. ಮನೆ ಮಾರಾಟವಾಗುವ ಅಪಾಯ ಕಂಡರೆ ಅಲ್ಲಿಯೇ ತಡೆಯಾಜ್ಞೆ ಕೇಳಬಹುದು. ಕೌಟುಂಬಿಕ ಹಿಂಸೆಯ ಪ್ರಕರಣವಾದರೆ ಮ್ಯಾಜಿಸ್ಟ್ರೇಟರು ಆಸ್ತಿ ಪರಭಾರೆಯನ್ನೂ ಬ್ಯಾಂಕ್ ಖಾತೆ, ಲಾಕರ್ ಬಳಕೆಯನ್ನೂ ತಡೆಹಿಡಿಯಬಲ್ಲರು.

ವಾಸದ ಹಕ್ಕು ಬೇರೆ, ಒಡೆತನ ಬೇರೆ. ಅತ್ತೆ ಮಾವನ ಹೆಸರಿನ ಮನೆಯೂ ಹೆಂಡತಿ ಸಂಸಾರ ಮಾಡಿದ ಮನೆಯಾಗಿರಬಹುದು, ಅಲ್ಲಿ ವಾಸದ ರಕ್ಷಣೆ ಕೇಳಬಹುದು ಎಂದು 2020ರ ಸತೀಶ್ ಚಂದರ್ ಅಹುಜಾ ತೀರ್ಪು ಹೇಳಿತು. ಅದರಿಂದ ಅವಳ ತಲೆಯ ಮೇಲೊಂದು ಸೂರು ಉಳಿಯುತ್ತದೆ, ಮನೆಯಲ್ಲಿ ಪಾಲು ಸಿಗುವುದಿಲ್ಲ.

ಒಂದು ಫ್ಲ್ಯಾಟಿನ ಲೆಕ್ಕ

ಹಂಚಿಕೆಯಲ್ಲಿ ನ್ಯಾಯ ಎಂದರೇನು ಎಂಬುದು ಅಂಕಿ ಹಿಡಿದು ನೋಡಿದಾಗ ತಿಳಿಯುತ್ತದೆ. ದಂಪತಿ 12 ವರ್ಷದ ಹಿಂದೆ ಜಂಟಿ ಹೆಸರಿನಲ್ಲಿ 60 ಲಕ್ಷ ರೂಪಾಯಿಯ ಫ್ಲ್ಯಾಟ್ ಕೊಂಡರು ಎಂದಿಟ್ಟುಕೊಳ್ಳಬಹುದು. ಮುಂಗಡದ 20 ಲಕ್ಷದಲ್ಲಿ 15 ಲಕ್ಷ ಹೆಂಡತಿಯದು: ಒಡವೆ ಮಾರಿದ 9 ಲಕ್ಷ, ತವರಿನವರು ಕೊಟ್ಟ 6 ಲಕ್ಷ. ಉಳಿದ 5 ಲಕ್ಷ ಗಂಡನ ಉಳಿತಾಯ. 40 ಲಕ್ಷ ಬ್ಯಾಂಕ್ ಸಾಲ. ಕಂತು ಗಂಡನ ಸಂಬಳದಿಂದ ಕಡಿತವಾಗುತ್ತಿತ್ತು. ಹೆಂಡತಿಯ ಸಂಬಳ ದಿನಸಿ, ಶಾಲೆಯ ಫೀಸು, ಆಸ್ಪತ್ರೆ ಖರ್ಚಿಗೆ ಹೋಗುತ್ತಿತ್ತು. ಇಂದು ಫ್ಲ್ಯಾಟಿನ ಬೆಲೆ 1 ಕೋಟಿ 12 ಲಕ್ಷ, ಬಾಕಿ ಸಾಲ 24 ಲಕ್ಷ. ಹಂಚಲು ಉಳಿದದ್ದು 88 ಲಕ್ಷ.

ಮೊದಲ ವಿಧಾನ ಸಮಪಾಲು: ಇಬ್ಬರಿಗೂ 44 ಲಕ್ಷ. ಎರಡನೆಯದು ಹಾಕಿದ ಮುಂಗಡವನ್ನು ಮೊದಲು ಅವರವರಿಗೆ ಹಿಂದಿರುಗಿಸಿ ಉಳಿದದ್ದನ್ನು ಸಮನಾಗಿ ಹಂಚುವುದು. 20 ಲಕ್ಷ ಕಳೆದು ಉಳಿದ 68 ಲಕ್ಷದಲ್ಲಿ ತಲಾ 34. ಆಗ ಹೆಂಡತಿಗೆ 49 ಲಕ್ಷ, ಗಂಡನಿಗೆ 39 ಲಕ್ಷ. ಮೂರನೆಯದು ದಾಖಲೆಯಲ್ಲಿ ಕಾಣುವ ಪಾವತಿಯನ್ನಷ್ಟೇ ಹಿಡಿಯುವುದು. ಗಂಡನದು ಮುಂಗಡ 5 ಮತ್ತು ತೀರಿದ ಅಸಲು 16, ಒಟ್ಟು 21 ಲಕ್ಷ. ಹೆಂಡತಿಯದು 15 ಲಕ್ಷ. ಈ ಪ್ರಮಾಣದಲ್ಲಿ ಗಂಡನಿಗೆ ಸುಮಾರು 51 ಲಕ್ಷ 33 ಸಾವಿರ, ಹೆಂಡತಿಗೆ 36 ಲಕ್ಷ 67 ಸಾವಿರ.

ಎರಡನೆಯ ಮತ್ತು ಮೂರನೆಯ ವಿಧಾನದ ನಡುವೆ ಹೆಂಡತಿಗೆ 12 ಲಕ್ಷಕ್ಕೂ ಮೀರಿದ ವ್ಯತ್ಯಾಸ. 12 ವರ್ಷ ಅವಳು ಮನೆ ಖರ್ಚು ಹೊತ್ತದ್ದರಿಂದಲೇ ಗಂಡನ ಸಂಬಳ ಕಂತಿಗೆ ಮಿಕ್ಕಿತು ಎಂಬ ಸತ್ಯವನ್ನು ಮೂರನೆಯ ಲೆಕ್ಕ ಅಳಿಸಿಹಾಕುತ್ತದೆ. ಕಂತಿನ ದಾಖಲೆ ಬ್ಯಾಂಕಿನಲ್ಲಿ ಉಳಿಯುತ್ತದೆ, ದಿನಸಿಯ ಚೀಟಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಹೆಂಡತಿ ತನ್ನ ಖಾತೆಯ ಹಳೆಯ ಸ್ಟೇಟ್‌ಮೆಂಟ್‌ಗಳನ್ನು ತೆಗೆಸಿ, ವರ್ಷವಾರು ಮನೆ ಖರ್ಚಿನ ಮೊತ್ತವನ್ನು ಪಟ್ಟಿ ಮಾಡಬೇಕು. ಮಧ್ಯಸ್ಥಿಕೆಯ ಮೇಜಿನ ಮೇಲೆ ಆ ಒಂದು ಹಾಳೆಗೆ ದೊಡ್ಡ ಬೆಲೆ ಇದೆ.

ಪಿತ್ರಾರ್ಜಿತ ಆಸ್ತಿ ಮತ್ತು ಮಕ್ಕಳ ಹಕ್ಕು

ಗಂಡನ ಪಿತ್ರಾರ್ಜಿತ ಜಮೀನಿನಲ್ಲಿ ಹೆಂಡತಿ ವಿಚ್ಛೇದನದ ಕಾರಣಕ್ಕೆ ಪಾಲು ಕೇಳಲಾಗದು. ಹೆಂಡತಿಯ ತವರಿನ ಆಸ್ತಿಯನ್ನು ಗಂಡನೂ ಕೇಳಲಾಗದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, ಆಮೇಲೆ 2005ರ ಕೇಂದ್ರ ತಿದ್ದುಪಡಿ, 2020ರ ವಿನೀತಾ ಶರ್ಮಾ ತೀರ್ಪು ಇವುಗಳಿಂದ ಹೆಣ್ಣುಮಕ್ಕಳಿಗೆ ತಂದೆಯ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿದೆ. ಆ ಪಾಲು ಅವಳ ಸ್ವಂತದ್ದು.

ಗಂಡನ ಪಿತ್ರಾರ್ಜಿತದಲ್ಲಿ ಹೆಂಡತಿಗೆ ಪಾಲಿಲ್ಲದಿದ್ದರೂ ಅದರ ಆದಾಯ ಲೆಕ್ಕಕ್ಕೆ ಬರುತ್ತದೆ. ಅಡಿಕೆ ತೋಟದ ಉತ್ಪನ್ನ, ವಾಣಿಜ್ಯ ಮಳಿಗೆಯ ಬಾಡಿಗೆ ಇವೆಲ್ಲ ಗಂಡನ ಶಕ್ತಿಯನ್ನು ತೋರಿಸುತ್ತವೆ, ಜೀವನಾಂಶ ನಿಗದಿಯಾಗುವಾಗ ಅವನ್ನು ಮುಂದಿಡಬೇಕು.

ತಂದೆ ತಾಯಿ ಬೇರೆಯಾದರೂ ಮಕ್ಕಳು ತಂದೆಯ ಮಕ್ಕಳೇ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದ ಬಂದ ಹಕ್ಕು ವಿಚ್ಛೇದನದಿಂದ ಹೋಗುವುದಿಲ್ಲ. ಅಪ್ರಾಪ್ತರ ಪರವಾಗಿ ಆ ಹಕ್ಕನ್ನು ಬಿಟ್ಟುಕೊಡುವ ರಾಜಿಗೆ ನ್ಯಾಯಾಲಯದ ಅನುಮತಿ ಬೇಕೇ ಬೇಕು. ಮಗುವಿನ ಹೆಸರಿನ ಸ್ಥಿರಾಸ್ತಿಯನ್ನು ಮಾರಲೂ ಅನುಮತಿ ಬೇಕು. "ಮಕ್ಕಳಿಗೆ ಸಂಬಂಧಿಸಿದ ಎಲ್ಲ ಹಕ್ಕನ್ನೂ ಬಿಟ್ಟಿದ್ದೇವೆ" ಎಂಬ ಸಾಲು ರಾಜಿ ಪತ್ರದಲ್ಲಿ ಕಂಡರೆ ಅದನ್ನು ತೆಗೆಸಿಯೇ ಸಹಿ ಮಾಡಬೇಕು.

ಇನ್ನೊಂದು ಅಂಶ ತಿಳಿದಿರಬೇಕು. ವಿಚ್ಛೇದನದ ಡಿಕ್ರಿ ಆಗುವವರೆಗೆ ಇಬ್ಬರೂ ಪರಸ್ಪರ ವಾರಸುದಾರರೇ. ಮೊಕದ್ದಮೆ ನಡೆಯುತ್ತಿರುವಾಗ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ ವಿಧವೆಯಾಗಿ ಪಾಲು ಪಡೆಯುತ್ತಾಳೆ. ಡಿಕ್ರಿಯಾದ ಮೇಲೆ ಆ ಹಕ್ಕು ಇರುವುದಿಲ್ಲ.

ಮನೆಗೆಲಸದ ಬೆಲೆ ಮತ್ತು ಜೀವನಾಂಶ

ಕೆಲಸ ಬಿಟ್ಟು ಮಕ್ಕಳನ್ನು ಸಾಕಿ, ಅತ್ತೆ ಮಾವನ ಆರೈಕೆ ಮಾಡಿ, ಇಪ್ಪತ್ತು ವರ್ಷ ಮನೆ ನಡೆಸಿದ ಹೆಂಗಸಿನ ಹೆಸರಿನಲ್ಲಿ ಒಂದು ಚದರಡಿಯೂ ಇಲ್ಲದಿರಬಹುದು. ಒಡೆತನದ ಕಾನೂನು ಅವಳ ದುಡಿಮೆಯನ್ನು ಎಣಿಸುವುದಿಲ್ಲ. ಭಾರತದ ವಿಚ್ಛೇದನ ಕಾನೂನಿನ ದೊಡ್ಡ ಕೊರತೆ ಇದೇ. ಇದನ್ನು ಸರಿಪಡಿಸಲು, ವಿಚ್ಛೇದನದ ವೇಳೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ವಿವಾಹ ಕಾನೂನು ತಿದ್ದುಪಡಿ ಮಸೂದೆಗೆ 2013ರಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತ್ತು. ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಆಸ್ತಿ ವಿವಾದದಲ್ಲಿ, ಹೆಂಡತಿಯ ಮನೆಗೆಲಸವೂ ಆಸ್ತಿ ಗಳಿಕೆಗೆ ಕೊಡುಗೆಯೇ ಎಂದು ಒಪ್ಪಿ ಅವಳಿಗೆ ಸಮಪಾಲು ಕೊಟ್ಟಿತು. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ವಾದಕ್ಕೆ ಬಲ ಮಾತ್ರ ಕೊಡುತ್ತದೆ.

ಸದ್ಯಕ್ಕೆ ಈ ಕೊರತೆಯನ್ನು ತುಂಬುವ ದಾರಿ ಶಾಶ್ವತ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಮೊಕದ್ದಮೆ ನಡೆಯುವಾಗಿನ ಮಧ್ಯಂತರ ಜೀವನಾಂಶಕ್ಕೆ, 25ನೇ ಕಲಂ ಶಾಶ್ವತ ಜೀವನಾಂಶಕ್ಕೆ ಅವಕಾಶ ಕೊಡುತ್ತವೆ. ಗಂಡನೂ ಇವನ್ನು ಕೇಳಬಹುದು. ಒಂದೇ ಸಲದ ಮೊತ್ತವನ್ನಾಗಲಿ ತಿಂಗಳ ಮೊತ್ತವನ್ನಾಗಲಿ ನಿಗದಿ ಮಾಡಬಹುದು. ಅಗತ್ಯವಿದ್ದರೆ ಕೊಡಬೇಕಾದವರ ಸ್ಥಿರಾಸ್ತಿಯ ಮೇಲೆ ಭಾರ ಹಾಕಬಹುದು.

2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರವೀಣ್ ಕುಮಾರ್ ಜೈನ್ ಪ್ರಕರಣದಲ್ಲಿ ಮೊತ್ತ ನಿಗದಿಗೆ ಎಂಟು ಅಂಶಗಳನ್ನು ಪಟ್ಟಿ ಮಾಡಿತು: ಇಬ್ಬರ ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ, ಹೆಂಡತಿ ಮಕ್ಕಳ ಸಹಜ ಅಗತ್ಯ, ವಿದ್ಯಾರ್ಹತೆ ಮತ್ತು ಉದ್ಯೋಗ, ಸ್ವಂತ ಆದಾಯ ಮತ್ತು ಆಸ್ತಿ, ಗಂಡನ ಮನೆಯಲ್ಲಿದ್ದಾಗಿನ ಜೀವನಮಟ್ಟ, ಸಂಸಾರಕ್ಕಾಗಿ ಬಿಟ್ಟುಕೊಟ್ಟ ಉದ್ಯೋಗ, ದುಡಿಯದ ಹೆಂಡತಿಯ ಮೊಕದ್ದಮೆ ಖರ್ಚು, ಗಂಡನ ಆದಾಯ ಮತ್ತು ಹೊಣೆಗಾರಿಕೆ. ಅದೇ ತಿಂಗಳ ಇನ್ನೊಂದು ತೀರ್ಪಿನಲ್ಲಿ, ಜೀವನಾಂಶ ಇರುವುದು ಇಬ್ಬರ ಸಂಪತ್ತನ್ನು ಸಮ ಮಾಡುವುದಕ್ಕಲ್ಲ ಎಂದೂ ನ್ಯಾಯಾಲಯ ಹೇಳಿತು. ಈ ಎಂಟರಲ್ಲಿ "ಬಿಟ್ಟುಕೊಟ್ಟ ಉದ್ಯೋಗ" ಎಂಬುದು ಮನೆಗೆಲಸದ ದುಡಿಮೆಯನ್ನು ನ್ಯಾಯಾಲಯದ ಮುಂದೆ ತರುವ ಬಾಗಿಲು. ರಾಜೀನಾಮೆ ಪತ್ರ, ಆಗಿನ ಸಂಬಳ ಚೀಟಿ, ಅದೇ ಹುದ್ದೆಗೆ ಇಂದಿನ ಸಂಬಳ ಇವನ್ನು ಅರ್ಜಿಯ ಜೊತೆ ಲಗತ್ತಿಸಬೇಕು.

ಪಟ್ಟಿ, ಬೆಲೆ, ಸಾಲ

ಒಪ್ಪಂದದ ಮಾತುಕತೆಗೆ ಕೂರುವ ಮೊದಲು ಪೂರ್ಣ ಪಟ್ಟಿ ಸಿದ್ಧವಿರಬೇಕು. ಜೀವನಾಂಶ ಕೇಳುವವರೂ ಕೊಡಬೇಕಾದವರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಲೇಬೇಕು ಎಂದು 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು ಕಡ್ಡಾಯ ಮಾಡಿದೆ. ಎದುರು ಪಕ್ಷದವರಿಗೆ ಅದಕ್ಕೆ ಗರಿಷ್ಠ ನಾಲ್ಕು ವಾರ. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಎಂದೂ ಅದೇ ತೀರ್ಪು ಹೇಳಿತು. ಸುಳ್ಳು ಬರೆದು ಸಿಕ್ಕಿಬಿದ್ದರೆ ಸುಳ್ಳು ಸಾಕ್ಷ್ಯದ ಕ್ರಮ ಎದುರಿಸಬೇಕು.

ಆಸ್ತಿ ಪತ್ತೆಗೆ ಸಾರ್ವಜನಿಕ ದಾಖಲೆಗಳೇ ಬಹಳ ನೆರವಾಗುತ್ತವೆ. ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿದರೆ ಆ ಸ್ವತ್ತಿನ ನೋಂದಾಯಿತ ವ್ಯವಹಾರ ಮತ್ತು ಅಡಮಾನ ಕಾಣುತ್ತವೆ. ಭೂಮಿ ತಂತ್ರಾಂಶದ ಪಹಣಿಯಲ್ಲಿ ಜಮೀನಿನ ಖಾತೆದಾರರ ಹೆಸರು ಇರುತ್ತದೆ. ಎದುರು ಪಕ್ಷದವರ ಆದಾಯ ತೆರಿಗೆ ವಿವರ, ಸಂಬಳ ಚೀಟಿ, ಡಿಮ್ಯಾಟ್ ಹೇಳಿಕೆ, ಪಿಎಫ್ ಮೊತ್ತ ಇವನ್ನು ಹಾಜರುಪಡಿಸಲು ನ್ಯಾಯಾಲಯದ ಮೂಲಕ ಕೇಳಬಹುದು. ಚೀಟಿ ವ್ಯವಹಾರ, ಸಂಬಂಧಿಕರಿಗೆ ಕೊಟ್ಟ ಕೈಸಾಲ, ವಿಮೆಯ ಸರೆಂಡರ್ ಮೌಲ್ಯ, ವ್ಯಾಪಾರದ ದಾಸ್ತಾನು ಇಂಥವು ಪಟ್ಟಿಯಿಂದ ಜಾರಿಹೋಗುವುದು ಹೆಚ್ಚು.

ಬೆಲೆ ಕಟ್ಟುವಾಗ ಎಲ್ಲವನ್ನೂ ಒಂದೇ ದಿನಾಂಕಕ್ಕೆ ಹಿಡಿಯಬೇಕು. ನಿವೇಶನಕ್ಕೆ ಸರ್ಕಾರದ ಮಾರ್ಗಸೂಚಿ ದರ ಮಾರುಕಟ್ಟೆ ದರಕ್ಕಿಂತ ಕಡಿಮೆ ಇರುವುದುಂಟು, ಹಾಗಾಗಿ ಇಬ್ಬರೂ ಒಪ್ಪಿದ ಮೌಲ್ಯಮಾಪಕರಿಂದ ವರದಿ ಪಡೆಯುವುದು ಒಳ್ಳೆಯದು. ಒಡವೆಯನ್ನು ತೂಕ ಮತ್ತು ಶುದ್ಧತೆಯ ಮೇಲೆ ಲೆಕ್ಕ ಹಾಕಬೇಕು. ಪಿಎಫ್ ಹಣವನ್ನು ನಡುವೆ ಸೀಳಿ ಇನ್ನೊಬ್ಬರ ಖಾತೆಗೆ ಹಾಕುವ ವ್ಯವಸ್ಥೆ ಇಲ್ಲ, ಅದರ ಮೊತ್ತವನ್ನು ಗಮನದಲ್ಲಿಟ್ಟು ಬೇರೆ ಆಸ್ತಿಯಲ್ಲಿ ಸರಿದೂಗಿಸಬೇಕು.

ಸಾಲದ ವಿಷಯದಲ್ಲಿ ಒಂದು ಮಾತು ಖಚಿತ: ಗಂಡ ಹೆಂಡತಿಯ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಜಂಟಿ ಸಾಲಕ್ಕೆ ಸಹಿ ಹಾಕಿದವರು, ಮನೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಮೇಲೂ ಬ್ಯಾಂಕ್ ಬಿಡುಗಡೆ ಮಾಡುವವರೆಗೆ ಸಾಲಗಾರರೇ. ಇನ್ನೊಬ್ಬರು ಕಂತು ತಪ್ಪಿಸಿದರೆ ಇವರ ಸಿಬಿಲ್ ಅಂಕವೂ ಕುಸಿಯುತ್ತದೆ. ಮನೆ ಉಳಿಸಿಕೊಳ್ಳುವವರು ತಮ್ಮೊಬ್ಬರ ಆದಾಯದ ಮೇಲೆ ಸಾಲವನ್ನು ಹೊಸದಾಗಿ ಮಾಡಿಸಿಕೊಳ್ಳುವುದು, ಇಲ್ಲವೇ ಮನೆ ಮಾರಿ ಸಾಲ ತೀರಿಸಿ ಉಳಿದದ್ದನ್ನು ಹಂಚಿಕೊಳ್ಳುವುದು ಸುರಕ್ಷಿತ. ಮೇಲಿನ ಫ್ಲ್ಯಾಟನ್ನು ಮಗುವಿನೊಂದಿಗೆ ಹೆಂಡತಿಯೇ ಉಳಿಸಿಕೊಂಡರೆ ಎರಡನೆಯ ವಿಧಾನದಂತೆ ಗಂಡನಿಗೆ 39 ಲಕ್ಷ ಕೊಡಬೇಕು. ಅವಳಿಗೆ 25 ಲಕ್ಷ ಶಾಶ್ವತ ಜೀವನಾಂಶ ಒಪ್ಪಿತವಾಗಿದ್ದರೆ ಅದನ್ನು ಕಳೆದು 14 ಲಕ್ಷ ಕೊಟ್ಟು, 24 ಲಕ್ಷದ ಸಾಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಗುವಿನ ಜೀವನಾಂಶವನ್ನು ಮಾತ್ರ ಈ ವಜಾ ಲೆಕ್ಕದೊಳಗೆ ತರಬಾರದು, ಅದು ಮಗುವಿನ ಹಕ್ಕು.

ಬೇರೆ ಕಾನೂನಿನ ದಂಪತಿ

ಮುಸ್ಲಿಂ ವಿಚ್ಛೇದಿತೆಗೆ 1986ರ ಕಾಯ್ದೆಯ ಪ್ರಕಾರ ಬಾಕಿ ಮೆಹರ್ (ಮದುವೆಯ ಸಲುವಾಗಿ ಗಂಡ ಕೊಡಲು ಒಪ್ಪಿದ ಮೊತ್ತ), ಮದುವೆಗೆ ಮುಂಚೆಯೂ ನಂತರವೂ ಅವಳಿಗೆ ಬಂದ ಆಸ್ತಿ ಮತ್ತು ನ್ಯಾಯೋಚಿತ ಏರ್ಪಾಡು ಸಲ್ಲಬೇಕು. ಆ ಏರ್ಪಾಡು ವಿಚ್ಛೇದನದ ನಂತರ ಕಾಯಬೇಕಾದ ಇದ್ದತ್ ಅವಧಿಗಷ್ಟೇ ಸೀಮಿತವಲ್ಲ, ಮುಂದಿನ ಬದುಕಿಗೂ ಸಾಲುವಂತಿರಬೇಕು ಎಂದು 2001ರ ಡ್ಯಾನಿಯಲ್ ಲತೀಫಿ ತೀರ್ಪು ಹೇಳಿತು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂನ ಜೀವನಾಂಶವೂ ಅವಳಿಗೆ ಲಭ್ಯ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ದೃಢಪಡಿಸಿತು. ಕ್ರೈಸ್ತ ದಂಪತಿಗೆ 1869ರ ವಿಚ್ಛೇದನ ಕಾಯ್ದೆಯ 37ನೇ ಕಲಂ ಜೀವನಾಂಶಕ್ಕೆ ಆಧಾರ. ಮದುವೆಗೆ ಮುಂಚೆ ಅಥವಾ ನಂತರ ಮಾಡಿಕೊಂಡ ಆಸ್ತಿ ಏರ್ಪಾಡುಗಳನ್ನು ನ್ಯಾಯಾಲಯ 40ನೇ ಕಲಂ ಅಡಿ ಪರಿಶೀಲಿಸಬಹುದು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 36 ಮತ್ತು 37ನೇ ಕಲಂಗಳಿವೆ.

ನೆರೆಯ ಗೋವಾದಲ್ಲಿ ಚಿತ್ರವೇ ಬೇರೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಅಲ್ಲಿ ಇಂದಿಗೂ ಜಾರಿಯಲ್ಲಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದ ಗೋವಾದ ದಂಪತಿಯ ಆಸ್ತಿ ಇಬ್ಬರಿಗೂ ಸೇರಿದ ಜಂಟಿ ಆಸ್ತಿ, ಬೇರೆಯಾದಾಗ ಅರ್ಧರ್ಧ. ಪಣಜಿಯಲ್ಲಿ ಕೆಲಸಕ್ಕಿದ್ದಾರೆ ಎಂಬ ಕಾರಣಕ್ಕೆ ಕರ್ನಾಟಕದ ದಂಪತಿ ಆ ಸಂಹಿತೆಯ ವ್ಯಾಪ್ತಿಗೆ ಬರುವುದಿಲ್ಲ.

ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಕಾನೂನನ್ನೂ ಎದುರಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ಕಾಲದ ಗಳಿಕೆ ಇಬ್ಬರಿಗೂ ಸಮ. ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನ್ಯಾಯಾಲಯ ಸಂದರ್ಭ ನೋಡಿ ಪಾಲು ಮಾಡುತ್ತದೆ. ಆದರೆ ಮೈಸೂರಿನ ನಿವೇಶನದ ಒಡೆತನವನ್ನು ಅಲ್ಲಿನ ನ್ಯಾಯಾಲಯ ನೇರವಾಗಿ ಬದಲಿಸಲಾಗದು, ಆ ವ್ಯಾಜ್ಯ ಇಲ್ಲಿಯೇ ತೀರಬೇಕು. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರ ವಿದೇಶಿ ಡಿಕ್ರಿ ಇಲ್ಲಿ ಯಾವಾಗ ಊರ್ಜಿತ ಎಂಬುದಕ್ಕೆ 1991ರ ವೈ. ನರಸಿಂಹ ರಾವ್ ತೀರ್ಪು ಮಾರ್ಗದರ್ಶಿ.

ರಾಜಿ ಪತ್ರ ಬರೆಯುವ ಕ್ರಮ

ಒಪ್ಪಿಗೆಯ ವಿಚ್ಛೇದನದಲ್ಲಿ ಆಸ್ತಿಯ ಮಾತನ್ನು ಒಂದೇ ಪತ್ರದಲ್ಲಿ ಮುಗಿಸಬಹುದು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಂತೆ ಮೊದಲ ಅರ್ಜಿಗೂ ಎರಡನೆಯ ಹಂತಕ್ಕೂ ನಡುವೆ ಆರು ತಿಂಗಳು ಇರುತ್ತದೆ. ಸೂಕ್ತ ಸಂದರ್ಭದಲ್ಲಿ ಈ ಅವಧಿಯನ್ನು ಕೈಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವವರೆಗೆ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದಾದ್ದರಿಂದ ಪಾವತಿಯನ್ನು ಹಂತಗಳಿಗೆ ಹೊಂದಿಸಬೇಕು. ಪತ್ರದಲ್ಲಿ ಈ ಅಂಶಗಳು ಇರಲೇಬೇಕು:

1. ಪ್ರತಿಯೊಂದು ಸ್ಥಿರಾಸ್ತಿಯ ಷೆಡ್ಯೂಲು: ಸರ್ವೆ ಅಥವಾ ಖಾತಾ ಸಂಖ್ಯೆ, ಅಳತೆ, ಚೆಕ್ಕುಬಂದಿ.
2. ಹಿಂದಿರುಗಿಸುವ ಒಡವೆಗಳ ಪಟ್ಟಿ ಗ್ರಾಂ ತೂಕದೊಂದಿಗೆ, ಹಸ್ತಾಂತರದ ದಿನ ಮತ್ತು ಸ್ಥಳ.
3. ಜೀವನಾಂಶದ ಮೊತ್ತ: ಎಷ್ಟು ಮೊದಲ ಅರ್ಜಿಯ ದಿನ, ಎಷ್ಟು ಎರಡನೆಯ ಹಂತದ ದಿನ ನ್ಯಾಯಾಲಯದಲ್ಲೇ ಡಿಡಿ ಮೂಲಕ.
4. ಮಕ್ಕಳ ಪಾಲನೆ, ಫೀಸು, ಚಿಕಿತ್ಸೆ, ವರ್ಷ ವರ್ಷ ಏರುವ ಮೊತ್ತ.
5. ಪ್ರತಿಯೊಂದು ಸಾಲವನ್ನು ತೀರಿಸುವವರು ಯಾರು, ಯಾವ ದಿನಾಂಕದೊಳಗೆ, ತಪ್ಪಿದರೆ ಬಡ್ಡಿ ಎಷ್ಟು.
6. ಹಕ್ಕು ಬಿಡುಗಡೆ ಪತ್ರ ಅಥವಾ ದಾನಪತ್ರ ನೋಂದಣಿಯ ಗಡುವು ಮತ್ತು ಖರ್ಚು ಯಾರದು.
7. ಮುಚ್ಚಿಟ್ಟ ಆಸ್ತಿ ಮುಂದೆ ಪತ್ತೆಯಾದರೆ ಒಪ್ಪಂದವನ್ನು ಮತ್ತೆ ತೆರೆಯಬಹುದು ಎಂಬ ಷರತ್ತು.
8. ಹಿಂತೆಗೆದುಕೊಳ್ಳಬೇಕಾದ ಮೊಕದ್ದಮೆಗಳ ಸಂಖ್ಯೆ.

ಆಸ್ತಿ ವರ್ಗಾವಣೆಯನ್ನು ಯಾವಾಗ ನೋಂದಾಯಿಸಬೇಕೆಂಬುದನ್ನು ಮೊದಲೇ ಯೋಚಿಸಬೇಕು. ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿಯಾದ ಮೇಲೆ ಅವರು ಗಂಡ ಹೆಂಡತಿಯಲ್ಲ, ಆ ರಿಯಾಯಿತಿ ಕೈತಪ್ಪಬಹುದು. ಮೊಕದ್ದಮೆಯ ವಿಷಯವೇ ಆಗಿರುವ ಆಸ್ತಿ ರಾಜಿ ಡಿಕ್ರಿಯಲ್ಲಿ ಸೇರಿದ್ದರೆ ನೋಂದಣಿ ಕಾಯ್ದೆಯ 17ನೇ ಕಲಂ ವಿನಾಯಿತಿ ಕೊಡುತ್ತದೆ. ಮೊಕದ್ದಮೆಯಲ್ಲಿ ಇಲ್ಲದ ಆಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ನೋಂದಣಿ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ (ಪಿಟಿಸಿಎಲ್) ಜಮೀನು, ಲೀಸ್ ಕಮ್ ಸೇಲ್ ಅವಧಿಯಲ್ಲಿರುವ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ನಿವೇಶನಗಳ ವರ್ಗಾವಣೆಗೆ ತಮ್ಮದೇ ನಿರ್ಬಂಧಗಳಿವೆ. ಅವನ್ನು ನೋಡದೆ ಪಾಲು ಬರೆದರೆ ಪತ್ರ ಕಾಗದದಲ್ಲೇ ಉಳಿಯುತ್ತದೆ. ತೆರಿಗೆಯ ವಿಷಯಕ್ಕೆ ಬಂದರೆ, ಒಂದೇ ಗಂಟಾಗಿ ಬಂದ ಜೀವನಾಂಶವನ್ನು ಬಂಡವಾಳವೆಂದೂ ತಿಂಗಳ ಜೀವನಾಂಶವನ್ನು ಆದಾಯವೆಂದೂ ಬಾಂಬೆ ಹೈಕೋರ್ಟ್ ಗುರುತಿಸಿದೆ. ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರನ್ನು ಕೇಳಿಯೇ ಸ್ವರೂಪ ನಿರ್ಧರಿಸಬೇಕು.

ಡಿಕ್ರಿ ಕೈಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಪಂಚಾಯಿತಿ ಅಥವಾ ನಗರಸಭೆಯಲ್ಲಿ ಖಾತೆ ಬದಲಾವಣೆ, ಜಮೀನಾದರೆ ಮ್ಯುಟೇಷನ್, ಬ್ಯಾಂಕ್, ಪಿಎಫ್, ವಿಮೆಗಳಲ್ಲಿ ನಾಮಿನಿ ಬದಲಾವಣೆ, ಜಂಟಿ ಖಾತೆ ಮತ್ತು ಲಾಕರ್ ಮುಚ್ಚುವುದು, ಹಳೆಯ ಉಯಿಲನ್ನು ಮತ್ತೆ ಬರೆಯುವುದು ಇವೆಲ್ಲ ತಡವಿಲ್ಲದೆ ಆಗಬೇಕು. ಒಪ್ಪಿದ್ದನ್ನು ಇನ್ನೊಬ್ಬರು ಪಾಲಿಸದಿದ್ದರೆ ಅಮಲ್ಜಾರಿ ಅರ್ಜಿ ಹಾಕಿ ವಸೂಲಿ ಮಾಡಿಸಬಹುದು.

ವಕೀಲರ ಶುಲ್ಕ ಭರಿಸಲಾಗದೆ ಹಕ್ಕು ಬಿಟ್ಟುಕೊಡುವ ಅಗತ್ಯ ಯಾವ ಹೆಂಗಸಿಗೂ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೂ ಮಕ್ಕಳಿಗೂ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿರುವ ಕಾನೂನು ಸೇವಾ ಕಚೇರಿಯಲ್ಲಿ ಅರ್ಜಿ ಕೊಡಬಹುದು, 15100 ಸಹಾಯವಾಣಿಗೆ ಕರೆ ಮಾಡಬಹುದು. ಒಡವೆಯ ಪಟ್ಟಿ, ಕ್ರಯಪತ್ರದ ನಕಲು, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಬಾಕಿ ವಿವರ ಈ ನಾಲ್ಕನ್ನು ಮೊದಲ ಭೇಟಿಯಲ್ಲೇ ವಕೀಲರ ಮುಂದಿಟ್ಟರೆ ಮುಂದಿನ ದಾರಿ ಸಲೀಸಾಗುತ್ತದೆ.